ಹಾಸಿಗೆ ಒದ್ದೆ: ಕಾರಣ ಹಗಲಿನಲ್ಲೂ ಇರಬಹುದು

ಮಾನ್ಯರೇ,

ಏಳೆಂಟು ವರ್ಷದ ಮಗು ಹಾಸಿಗೆ ಒದ್ದೆ ಮಾಡಿದರೆ ಮನೆಯವರು ಮೊದಲು ಸಂಜೆಯ ನೀರು ನಿಲ್ಲಿಸುತ್ತಾರೆ, ಇಲ್ಲವೇ ಬೈಯುತ್ತಾರೆ. ಹಗಲನ್ನು ಯಾರೂ ನೋಡುವುದಿಲ್ಲ. ಶಾಲೆಯ ಶೌಚಾಲಯದ ವಾಸನೆಗೆ, ಚಿಲಕವಿಲ್ಲದ ಬಾಗಿಲಿಗೆ ಹೆದರಿದ ಮಗು ನೀರೇ ಕುಡಿಯುವುದಿಲ್ಲ. ಬಾಟಲಿ ಸಂಜೆ ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತದೆ. ಮೂತ್ರ ಬಂದರೆ ಹಿಮ್ಮಡಿ ಮೇಲೆ ಕುಳಿತು ತಡೆಯುತ್ತದೆ. ಬಾಯಾರಿಕೆಯೆಲ್ಲ ತೀರುವುದು ಸಂಜೆಯೇ. ಏಳು ವರ್ಷದ ಮೂತ್ರಕೋಶ ಹಿಡಿಯುವುದು ಸುಮಾರು 240 ಮಿ.ಲೀ. ಮಾತ್ರ.

ಮಲಬದ್ಧತೆಯನ್ನು ಮೊದಲು ಸರಿಪಡಿಸಬೇಕು. ಗಟ್ಟಿ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಅದು ಸಡಿಲಾಗದೆ ಉಳಿದ ಚಿಕಿತ್ಸೆ ಹತ್ತುವುದು ಕಷ್ಟ.

ಅವಸರ ಇರಲಿ ಬಿಡಲಿ, ಎರಡು-ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಕಳುಹಿಸಿ. ಕಮೋಡ್ ಆದರೆ ಪಾದದಡಿ ಮಣೆ ಇಡಿ. ಹೆಣ್ಣುಮಕ್ಕಳು ಚಡ್ಡಿಯನ್ನು ಮೊಣಕಾಲಿಗಿಂತ ಕೆಳಗಿಳಿಸಿ ತೊಡೆ ಅಗಲಿಸಿ ಕೂರಲಿ. ತೊಡೆ ಕೂಡಿಸಿ ಕುಳಿತರೆ ಮೂತ್ರ ಸ್ವಲ್ಪ ಯೋನಿಯೊಳಗೆ ನಿಂತು, ಎದ್ದು ನಡೆದಾಗ ಚಡ್ಡಿಗೆ ಇಳಿಯುತ್ತದೆ. ಹಗಲಿನ ಎಷ್ಟೋ ಒದ್ದೆಗೆ ಇಷ್ಟೇ ಕಾರಣ!

2019ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ ‘ವಾಟರ್ ಬೆಲ್’ (ಮಕ್ಕಳು ನೀರು ಕುಡಿಯಲೆಂದೇ ಬಾರಿಸುವ ಗಂಟೆ) ಒಳ್ಳೆಯ ಪದ್ಧತಿ. ಆದರೆ ನೀರು ಕುಡಿಸಿದ ಮೇಲೆ ಮೂತ್ರಕ್ಕೂ ಬಿಡಬೇಕು. ಪಾಠದ ನಡುವೆ ಕೈ ಎತ್ತಿದ ಮಗುವನ್ನು ದಯವಿಟ್ಟು ‘ಬೆಲ್ ಆಗಲಿ’ ಎಂದು ಕೂರಿಸಬೇಡಿ.

ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾದರೆ, ಉರಿಮೂತ್ರ, ಜ್ವರ, ಸದಾ ತೊಟ್ಟಿಕ್ಕುವುದು ಕಂಡರೆ ವೈದ್ಯರಿಗೆ ತೋರಿಸಿ. ವಿಪರೀತ ದಾಹದ ಜೊತೆಗೆ ತೂಕವೂ ಇಳಿದಿದ್ದರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ.

– ಮಕ್ಕಳ ವೈದ್ಯರು, ದಾವಣಗೆರೆ