ಹೊರದೇಶದಲ್ಲಿರುವ ನಮ್ಮ ಗ್ರಾಹಕರಿಗೆ: ಬರುವ ತಿಂಗಳಿಂದ ಹೊಲ, ತೋಟದ ಖರೀದಿ ಕೆಲಸ ಇಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳ 1ನೇ ತಾರೀಖಿನಿಂದ, ಹೊರದೇಶದಲ್ಲಿ ನೆಲೆಸಿರುವವರಿಗೆ ಹೊಲ, ಗದ್ದೆ, ಕಾಫಿ ತೋಟ, ಫಾರ್ಮ್‌ಹೌಸ್ ಹುಡುಕಿಕೊಡುವ ಕೆಲಸ ನಾವು ತೆಗೆದುಕೊಳ್ಳುವುದಿಲ್ಲ. ಅಣ್ಣನ ಹೆಸರಲ್ಲಿ ಮಾಡಿಸಿ, ಭಾವಮೈದನ ಹೆಸರಲ್ಲಿ ಮಾಡಿಸಿ ಅಂದರೂ ಇಲ್ಲ. ಮನೆ, ಫ್ಲ್ಯಾಟ್, ಭೂಪರಿವರ್ತನೆ ಆಗಿರುವ (ಅಂದರೆ ಕೃಷಿಯಿಂದ ಬೇರೆ ಬಳಕೆಗೆ ಬದಲಾಯಿಸಿರುವ) ಸೈಟು ಇವುಗಳ ಕೆಲಸ ಎಂದಿನಂತೆ ನಡೆಯುತ್ತದೆ. ಆದರೆ ಜಾಗ ತೋರಿಸುವ ಮೊದಲೇ ನಿಮ್ಮ ಪಾಸ್‌ಪೋರ್ಟ್ ನೋಡುತ್ತೇವೆ.

ಒಂಟಿಕೊಪ್ಪಲಿನ ನಮ್ಮ ಪುಟ್ಟ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಮೈಸೂರಿನವರೇ. ಕೆಲಸಕ್ಕೆಂದು ಹೊರಗೆ ಹೋದವರು. ಕೆಲವರ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ (ಇವರೇ ಎನ್‌ಆರ್‌ಐ, ಅನಿವಾಸಿ ಭಾರತೀಯರು), ಕೆಲವರು ಅಲ್ಲಿನ ಪೌರತ್ವ ತೆಗೆದುಕೊಂಡು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಿಸಿದ್ದಾರೆ. ಇವರ ಜೊತೆಗೆ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರು. ಒಂದು ಸೀಸನ್‌ಗೆ ಅಂತ ಬಂದು, ಊರು ಹಿಡಿಸಿ, ಇಲ್ಲೇ ಒಂದು ಮನೆ ಸಿಗುತ್ತಾ ಅಂತ ಕೇಳುವವರು. ಎಲ್ಲರ ಆಸೆಯೂ ಒಂದೇ. ಕಾನೂನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ತರಹ.

ಗೊಂದಲ ಜಾಸ್ತಿಯಾಗಿದ್ದು 2020ರಿಂದ. ಆ ವರ್ಷ ಕರ್ನಾಟಕ ಸರ್ಕಾರ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆಯಿತು. ಅಲ್ಲಿಯವರೆಗೆ ರೈತರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ, ಆದಾಯಕ್ಕೂ ಒಂದು ಮಿತಿ ಇತ್ತು. ಅದು ಹೋಯಿತು. "ಈಗ ಯಾರು ಬೇಕಾದರೂ ಜಮೀನು ತಗೋಬಹುದಲ್ವಾ?" ಅಂತ ಡಲ್ಲಾಸ್‌ನಿಂದ, ಲಂಡನ್‌ನಿಂದ, ಸಿಡ್ನಿಯಿಂದ ಫೋನು ಶುರುವಾಯಿತು. ಯಾರು ಬೇಕಾದರೂ ಅಂದರೆ ಭಾರತದಲ್ಲಿ ವಾಸ ಇರುವ ಭಾರತೀಯರು ಅಂತ. ರಾಜ್ಯ ತನ್ನ ಬಾಗಿಲು ತೆಗೆದರೂ ಕೇಂದ್ರದ ಬಾಗಿಲು ಹಾಕಿಯೇ ಇದೆ. ಆ ಬಾಗಿಲಿನ ಹೆಸರು ಫೆಮಾ, ಅಂದರೆ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ಅದರ ಕೆಳಗೆ 2019ರಲ್ಲಿ ಬಂದ ನಿಯಮಗಳ ಪ್ರಕಾರ ಎನ್‌ಆರ್‌ಐ ಆಗಲಿ, ಒಸಿಐ ಆಗಲಿ ಮನೆ ಕೊಳ್ಳಬಹುದು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಎನ್‌ಆರ್‌ಐ ಅಂದರೆ ಭಾರತದ ಪ್ರಜೆಯೇ. ವೋಟಿನ ಹಕ್ಕಿದೆ, ನೀಲಿ ಪಾಸ್‌ಪೋರ್ಟ್ ಇದೆ. ಆದರೂ ಹೊಲ ಕೊಳ್ಳುವಂತಿಲ್ಲ. "ನಾನೇನು ವಿದೇಶಿಯಾ?" ಅಂತ ಬೇಜಾರು ಮಾಡಿಕೊಂಡವರಿದ್ದಾರೆ. ಫೆಮಾ ನೋಡುವುದು ನೀವು ಎಲ್ಲಿ ನೆಲೆಸಿದ್ದೀರಿ ಅನ್ನುವುದನ್ನೂ, ಬರೀ ಪೌರತ್ವವನ್ನಲ್ಲ. ಹೊರಡುವ ಮೊದಲು, ಇಲ್ಲೇ ವಾಸ ಇದ್ದಾಗ ಕೊಂಡ ಜಮೀನಿದ್ದರೆ ಚಿಂತೆ ಬೇಡ, ಅದನ್ನು ಇಟ್ಟುಕೊಳ್ಳಬಹುದು.

ಈಗ ಫಾರ್ಮ್ ಪ್ಲಾಟ್ ವಿಷಯ. ಎಚ್.ಡಿ. ಕೋಟೆ ಕಡೆ, ಶ್ರೀರಂಗಪಟ್ಟಣದ ಆಚೆ, ನಂಜನಗೂಡು ರಸ್ತೆಯಲ್ಲಿ, ಎಲ್ಲಿ ನೋಡಿದರೂ ಬೋರ್ಡು. ಕಾಲು ಎಕರೆ ಜಾಗ, ಸಾಲಾಗಿ ಮಾವಿನ ಸಸಿ, ಮಧ್ಯೆ ಕ್ಲಬ್‌ಹೌಸ್, ವಾಟ್ಸಾಪ್‌ನಲ್ಲಿ ಡ್ರೋನ್ ವಿಡಿಯೋ. ಮಾರುವವರು ಅದನ್ನು ಸೈಟು ಅನ್ನುತ್ತಾರೆ, ವಿಲ್ಲಾ ಪ್ಲಾಟ್ ಅನ್ನುತ್ತಾರೆ. ನಾವು ವಿಡಿಯೋ ನೋಡುವುದಿಲ್ಲ, ಸರ್ವೇ ನಂಬರ್ ಕೇಳಿ ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ, ತೆಗೆಯುತ್ತೇವೆ. ಅದರಲ್ಲಿ ಖುಷ್ಕಿ (ಒಣ ಭೂಮಿ), ತರಿ (ಗದ್ದೆ), ಬಾಗಾಯ್ತು (ತೋಟ) ಅಂತ ವಿಸ್ತೀರ್ಣ ಬರೆದಿದ್ದು, ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ ಇಲ್ಲದಿದ್ದರೆ ಅದು ಕೃಷಿ ಜಮೀನು. ಸುತ್ತ ಕಾಂಪೌಂಡ್ ಹಾಕಿ, ಗೇಟಿಗೆ ಇಂಗ್ಲಿಷ್ ಹೆಸರು ಕೊಟ್ಟ ಮಾತ್ರಕ್ಕೆ ಸೈಟು ಆಗುವುದಿಲ್ಲ. ಕೊಡಗಿನ ತೋಟದ ಮಧ್ಯೆ ಇರುವ ಹೋಮ್‌ಸ್ಟೇ ಕಥೆಯೂ ಇದೇ. ಮನೆ ಎಷ್ಟೇ ಚೆನ್ನಾಗಿರಲಿ, ಸುತ್ತ ಇರುವುದು ಕಾಫಿ.

"ಸರಿ, ಅಣ್ಣನ ಹೆಸರಲ್ಲಿ ಮಾಡೋಣ, ದುಡ್ಡು ನಾನು ಕಳಿಸ್ತೀನಿ." ನಮಗೆ ಅತಿ ಹೆಚ್ಚು ಬರುವ ಕೋರಿಕೆ ಇದು. ಕೇಳುವವರಿಗೆ ಇದರಲ್ಲಿ ತಪ್ಪು ಕಾಣಿಸುವುದಿಲ್ಲ, ಮನೆಯವರೇ ತಾನೇ ಅನ್ನಿಸುತ್ತದೆ. ಆದರೆ ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು, ಅನುಭವಿಸುವುದು ದುಡ್ಡು ಕೊಟ್ಟವರು ಅಂದರೆ ಅದನ್ನೇ ಬೇನಾಮಿ ಅನ್ನುವುದು. 2016ರ ತಿದ್ದುಪಡಿಯಾದ ಮೇಲೆ ಬೇನಾಮಿ ಕಾಯ್ದೆಗೆ ಹಲ್ಲು ಬಂದಿದೆ: ಆಸ್ತಿ ಮುಟ್ಟುಗೋಲು, 1ರಿಂದ 7 ವರ್ಷ ಕಠಿಣ ಜೈಲು, ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ದಂಡ. ಫೆಮಾ ಉಲ್ಲಂಘನೆಗೆ ಬೇರೆ ದಂಡ, ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಜೈಲು, ದಂಡದ ಮಾತು ಬಿಡಿ. ಅಣ್ಣನಿಗೂ ಮಕ್ಕಳಿದ್ದಾರೆ. ಪಹಣಿಯಲ್ಲಿರುವುದು ಅಪ್ಪನ ಹೆಸರು, ಅಮೆರಿಕದ ಚಿಕ್ಕಪ್ಪನದಲ್ಲ ಅಂತ ಆ ಮಕ್ಕಳು ನಾಳೆ ಹೇಳಿದರೆ ನೀವು ಯಾವ ಕೋರ್ಟಿಗೆ ಹೋಗುತ್ತೀರಿ? ಬೇನಾಮಿ ಆಸ್ತಿ ನನ್ನದು ಅಂತ ದಾವೆ ಹಾಕಲು ಕಾನೂನಿನಲ್ಲೇ ಜಾಗ ಇಲ್ಲ.

ಪಿತ್ರಾರ್ಜಿತ ಜಮೀನು ಬೇರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮಲ್ಲಿ ಹಲವರ ತಂದೆತಾಯಿಗೆ ಊರಲ್ಲಿ ಗದ್ದೆ ಇದೆ. ವಾರಸುದಾರರಾಗಿ ಬರುವ ಕೃಷಿ ಜಮೀನನ್ನು ಎನ್‌ಆರ್‌ಐ, ಒಸಿಐ ಇಬ್ಬರೂ ಪಡೆಯಬಹುದು. ದಾನವಾಗಿ ಪಡೆಯುವ ಹಾಗಿಲ್ಲ. ಅಂದರೆ ಹುಣಸೂರಿನಲ್ಲಿರುವ ಅಮ್ಮ ನ್ಯೂಜೆರ್ಸಿಯ ಮಗಳಿಗೆ ಗದ್ದೆಯ ದಾನಪತ್ರ ಮಾಡಿದರೆ ನಡೆಯುವುದಿಲ್ಲ, ವಿಲ್ ಬರೆದರೆ ನಡೆಯುತ್ತದೆ. ಅದೇ ಅಮ್ಮ ಕುವೆಂಪುನಗರದ ಮನೆಯನ್ನು ಮಗಳಿಗೆ ದಾನಪತ್ರ ಮಾಡಿಕೊಡಬಹುದು. "ಈಗಲೇ ಮಗಳ ಹೆಸರಿಗೆ ಮಾಡಿಬಿಡೋಣ, ಆಮೇಲೆ ಯಾಕೆ ತಾಪತ್ರಯ" ಅಂತ ಅವಸರ ಮಾಡುವ ಹಿರಿಯರಿಗೆ ದಯವಿಟ್ಟು ಈ ವ್ಯತ್ಯಾಸ ಹೇಳಿ. ಹಾಗೆ ಬಂದ ಜಮೀನನ್ನು ಮುಂದೆ ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬೇಕು.

ಪಾಸ್‌ಪೋರ್ಟ್ ಮೊದಲೇ ಯಾಕೆ ಅಂದರೆ, ಅಗ್ರಿಮೆಂಟಿಗೂ ರಿಜಿಸ್ಟ್ರೇಷನ್‌ಗೂ ನಡುವೆ ಪಾಸ್‌ಪೋರ್ಟೇ ಬದಲಾಗಿಬಿಡುತ್ತದೆ. ನಮ್ಮ ಗ್ರಾಹಕರೊಬ್ಬರು ವಿಜಯನಗರದ ಒಂದು ಮನೆಗೆ ಮುಂಗಡ ಕೊಟ್ಟಾಗ ಭಾರತದ ಪ್ರಜೆ. ಕ್ರಯಪತ್ರದ ಹೊತ್ತಿಗೆ ಅಮೆರಿಕದಲ್ಲಿ ಪ್ರಮಾಣ ತೆಗೆದುಕೊಂಡಾಗಿತ್ತು, ಒಸಿಐ ಕಾರ್ಡ್ ಇನ್ನೂ ಬಂದಿರಲಿಲ್ಲ. ಆ ನಡುವಿನ ದಿನಗಳಲ್ಲಿ ಅವರು ಎನ್‌ಆರ್‌ಐ ಅಲ್ಲ, ಒಸಿಐಯೂ ಅಲ್ಲ. ಮನೆ ಮಾರುವವರು ಕಾದರು, ಪುಣ್ಯಕ್ಕೆ. ಎಲ್ಲರೂ ಕಾಯುವುದಿಲ್ಲ. ಭಾರತ ಮೂಲದವರಿಗೆ ಕೊಡುತ್ತಿದ್ದ ಹಳೆಯ ಪಿಐಒ ಕಾರ್ಡ್ ಹಿಡಿದುಕೊಂಡಿರುವವರೂ ಇದ್ದಾರೆ. ಆ ಯೋಜನೆ 2015ರ ಜನವರಿಯಲ್ಲೇ ಒಸಿಐ ಜೊತೆ ಸೇರಿಹೋಗಿದೆ, ಮೊದಲು ಕಾರ್ಡ್ ಬದಲಾಯಿಸಿಕೊಳ್ಳಿ.

ಅಳಿಯ ಅಥವಾ ಸೊಸೆ ವಿದೇಶಿಯಾಗಿದ್ದು ಒಸಿಐ ಇಲ್ಲದಿದ್ದರೆ? ಎನ್‌ಆರ್‌ಐ ಅಥವಾ ಒಸಿಐ ಆಗಿರುವ ಗಂಡ ಇಲ್ಲವೇ ಹೆಂಡತಿಯ ಜೊತೆ ಜಂಟಿಯಾಗಿ ಒಂದು ಆಸ್ತಿ ಕೊಳ್ಳಬಹುದು. ಮದುವೆ ನೋಂದಣಿಯಾಗಿ, ಕೊಳ್ಳುವ ಹೊತ್ತಿಗೆ ಸತತ ಎರಡು ವರ್ಷವಾದರೂ ಆಗಿರಬೇಕು. ಮದುವೆಯ ಆಲ್ಬಮ್ ಸಾಲದು, ಸರ್ಟಿಫಿಕೇಟ್ ಬೇಕು.

ಇನ್ನು ಗೋಕುಲಂನ ಗೆಳೆಯರು. ಭಾರತ ಮೂಲದವರಲ್ಲದ, ಹೊರದೇಶದಲ್ಲೇ ನೆಲೆಸಿರುವ ವಿದೇಶಿಯರು ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಇಲ್ಲಿ ಮನೆ ಕೊಳ್ಳುವಂತಿಲ್ಲ. ಐದು ವರ್ಷ ಮೀರದ ಲೀಸಿಗೆ ತೆಗೆದುಕೊಳ್ಳಬಹುದು. ಕೆಲಸಕ್ಕೋ ವ್ಯಾಪಾರಕ್ಕೋ ಬಂದು, ಹಿಂದಿನ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಜಾಸ್ತಿ ಇಲ್ಲಿದ್ದವರಿಗೆ ದಾರಿ ಇದೆ. ಚೀನಾ, ನೇಪಾಳ, ಶ್ರೀಲಂಕಾ, ಇರಾನ್ ಸೇರಿದಂತೆ ಕೆಲವು ದೇಶಗಳ ಪ್ರಜೆಗಳಿಗೆ ಆಗಲೂ ರಿಸರ್ವ್ ಬ್ಯಾಂಕಿನ ಅನುಮತಿ ಬೇಕೇ ಬೇಕು. ಟೂರಿಸ್ಟ್ ವೀಸಾದಲ್ಲಿ ಆರು ತಿಂಗಳು ಕಳೆದು ನಾನೂ ಇಲ್ಲಿನವನೇ ಅಂದರೆ ಒಪ್ಪುವುದಿಲ್ಲ. ಇಂಥವರಿಗೆ ಇನ್ನು ಮುಂದೆ ನಾವು ಬಾಡಿಗೆ, ಲೀಸು ಮಾತ್ರ ನೋಡುತ್ತೇವೆ. ಬಾಡಿಗೆಗೆ ಕೊಡುವ ಮಾಲೀಕರಿಗೂ ಒಂದು ಮಾತು: ವಿದೇಶಿಯರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡುವ ಜವಾಬ್ದಾರಿ ನಿಮ್ಮದು.

ಅನುಮತಿ ಆಮೇಲೆ ತೆಗೆದುಕೊಂಡರಾಯಿತು ಅನ್ನುವವರಿಗೆ ಬೆಂಗಳೂರಿನದೇ ಒಂದು ಪ್ರಕರಣ ಇದೆ. ಅಲ್ಲಿ ಆಸ್ತಿ ಇದ್ದ ವಿದೇಶಿ ಮಹಿಳೆಯೊಬ್ಬರು 1977ರಲ್ಲಿ ಅದರ ಒಂದು ಭಾಗವನ್ನು ದಾನ ಕೊಟ್ಟರು. ಫೆಮಾಗಿಂತ ಮೊದಲು ಇದ್ದ ಫೆರಾ ಕಾಯ್ದೆಯ 31ನೇ ಕಲಂ ಪ್ರಕಾರ ರಿಸರ್ವ್ ಬ್ಯಾಂಕಿನ ಅನುಮತಿ ಮೊದಲೇ ಬೇಕಿತ್ತು, ಪಡೆದಿರಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಫೆಬ್ರವರಿಯಲ್ಲಿ, ಮೊದಲೇ ಅನುಮತಿ ಪಡೆಯದ ಇಂಥ ವರ್ಗಾವಣೆ ಊರ್ಜಿತವಲ್ಲ ಅಂತ ತೀರ್ಪು ಬಂತು. ಪತ್ರವಾಗಿ 43 ವರ್ಷ ಕಳೆದ ಮೇಲೆ! ಕಾಯ್ದೆ ಹಳೆಯದು ನಿಜ. ಆದರೂ ಮನೆ ಕಾಗದ ಅನ್ನುವುದು ಮಕ್ಕಳ ಕಾಲಕ್ಕೂ ಉಳಿಯಬೇಕಾದ್ದು.

ಇಷ್ಟೆಲ್ಲ ಹೇಳಿದ ಮೇಲೆ ಕೆಲವರು ಕೇಳುತ್ತಾರೆ: "ನಾವು ಅಮೆರಿಕದಲ್ಲಿ ಎಚ್1ಬಿ ವೀಸಾದಲ್ಲೇ ಮನೆ ತಗೊಂಡಿದ್ದೇವೆ. ವಿದೇಶಿಯರಿಗೆ ಇಲ್ಲಿ ಯಾಕಿಲ್ಲ?" ನ್ಯಾಯವಾದ ಪ್ರಶ್ನೆ. ಆದರೆ ಹೊರಗೂ ಗಾಳಿ ಬದಲಾಗಿದೆ. ನ್ಯೂಜಿಲೆಂಡ್ 2018ರಲ್ಲೇ ಬಹುತೇಕ ವಿದೇಶಿಯರಿಗೆ ಮನೆ ಮಾರುವುದನ್ನು ನಿಲ್ಲಿಸಿತು. ಕೆನಡಾ 2023ರ ಜನವರಿ 1ರಿಂದ ಎರಡು ವರ್ಷಕ್ಕೆ ಅಂತ ನಿಷೇಧ ತಂದು, ಆಮೇಲೆ 2027ರ ಜನವರಿ 1ರವರೆಗೆ ಎಳೆಯಿತು. ಆಸ್ಟ್ರೇಲಿಯಾದಲ್ಲಿ 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ವಿದೇಶಿಯರು ಈಗಾಗಲೇ ಕಟ್ಟಿರುವ ಮನೆ ಕೊಳ್ಳುವಂತಿಲ್ಲ. ತಾತ್ಕಾಲಿಕ ವೀಸಾದಲ್ಲಿರುವ ನಮ್ಮ ಹುಡುಗರೂ ಅದರಲ್ಲೇ ಬಂದರು. ಸಿಂಗಪುರದಲ್ಲಿ ಕೊಳ್ಳಬಹುದು, ಆದರೆ 2023ರ ಏಪ್ರಿಲ್‌ನಿಂದ ಬಹುತೇಕ ವಿದೇಶಿಯರು ಹೆಚ್ಚುವರಿ ಸುಂಕವಾಗಿ ಬೆಲೆಯ ಶೇ. 60 ಕಟ್ಟಬೇಕು. ಕೊಳ್ಳಬೇಡಿ ಅಂತ ಮರ್ಯಾದೆಯಿಂದ ಹೇಳುವ ರೀತಿ ಅದು.

ನಮ್ಮ ಅಭಿಪ್ರಾಯ ಕೇಳಿದರೆ, ಇಲ್ಲಿ ಬಾಳುವವರಿಗೆ ಮನೆ ಸಿಗಬೇಕು, ಅವರು ಯಾವ ದೇಶದವರೇ ಆಗಲಿ. ವರ್ಷವೆಲ್ಲ ಬೀಗ ಹಾಕಿಡುವವರಿಗೆ ಕೊಡದಿದ್ದರೆ ನಷ್ಟವಿಲ್ಲ. ಈ ಅಳತೆಯಲ್ಲಿ ಭಾರತದ 182 ದಿನದ ನಿಯಮ ನಮಗೆ ಕೆನಡಾದ ನಿಷೇಧಕ್ಕಿಂತ ಸರಿ ಅನ್ನಿಸುತ್ತದೆ. ಮೈಸೂರಿನಲ್ಲಿ ಸೈಟಿನ ಬೆಲೆ ಏರಿದ್ದನ್ನು ಗೋಕುಲಂನ ಯೋಗ ವಿದ್ಯಾರ್ಥಿಗಳ ತಲೆಗೆ ಕಟ್ಟುವುದೂ ಬೇಡ. ಬೆಲೆ ಏರಿಸಿದವರು ನಾವು ನಾವೇ.

ಜಮೀನಿನ ವಿಷಯದಲ್ಲಿ ಅಷ್ಟು ಸಲೀಸಾಗಿ ಹೇಳಲಾಗುವುದಿಲ್ಲ. ಉಳುವವನೇ ಹೊಲದೊಡೆಯ ಅಂತ 1974ರಲ್ಲಿ ಕಾನೂನು ತಂದ ದೇವರಾಜ ಅರಸರು ನಮ್ಮ ಹುಣಸೂರಿನವರು. ಹೊರಗಿನ ದುಡ್ಡು ಬಂದು ಗದ್ದೆ ನುಂಗಬಾರದು ಅನ್ನುವುದು ಸರಿಯೇ. ಆದರೆ 2020ರ ನಂತರ, ಗದ್ದೆಗೆ ಕಾಲೇ ಇಡದ ಮುಂಬೈ ಸಾಹುಕಾರರು ಕೋಟೆ ತಾಲ್ಲೂಕಿನಲ್ಲಿ ಎಕರೆಗಟ್ಟಲೆ ಕೊಳ್ಳಬಹುದು. ಅದೇ ತಾಲ್ಲೂಕಿನ ರೈತನ ಮಗಳು ಒಸಿಐ ಆಗಿದ್ದರೆ ಅಪ್ಪನ ಹೊಲದ ಪಕ್ಕದ ಎರಡು ಗುಂಟೆ ಕೊಳ್ಳುವಂತಿಲ್ಲ. ಹೊರಗಿನವರು ಅಂದರೆ ಯಾರು ಅನ್ನುವುದಕ್ಕೆ ಈ ಎರಡು ಕಾಯ್ದೆಗಳು ಕೊಡುವ ಉತ್ತರ ಒಂದಕ್ಕೊಂದು ಹೊಂದುವುದಿಲ್ಲ. ಹುಟ್ಟೂರಿನಲ್ಲಿ, ಮಿತಿ ಹಾಕಿ, ಒಸಿಐಗಳಿಗೆ ಸ್ವಲ್ಪ ಜಾಗ ಬಿಟ್ಟರೆ ತಪ್ಪಿಲ್ಲ ಅಂತ ನಮಗನ್ನಿಸುತ್ತದೆ. ಕಾನೂನು ಬದಲಾಗುವವರೆಗೆ ಮಾತ್ರ ಇರುವ ಕಾನೂನಿನ ಹಾಗೆಯೇ ಕೆಲಸ.

ಕೆಲಸದ ರೀತಿ ಹೀಗೆ ಬದಲಾಗುತ್ತದೆ. ಮೊದಲು ಪಾಸ್‌ಪೋರ್ಟ್, ಒಸಿಐ ಇದ್ದರೆ ಅದರ ಎರಡೂ ಬದಿ, ಪ್ಯಾನ್ ಕಾರ್ಡ್ ಕಳಿಸಿ. ನೀವು ನೋಡಿಟ್ಟ ಜಾಗ ಇದ್ದರೆ ಸರ್ವೇ ನಂಬರ್ ಅಥವಾ ಖಾತೆ ನಂಬರ್ ಸಾಕು, ವಿಡಿಯೋ ಬೇಡ. ಪಹಣಿ, ಪರಿವರ್ತನೆ ಆದೇಶ, ಇಸಿ (ಋಣಭಾರ ಪತ್ರ), ಇ-ಖಾತೆ ನೋಡಿ ಆಗುತ್ತದೋ ಇಲ್ಲವೋ ಬರೆದು ತಿಳಿಸುತ್ತೇವೆ. ಇದಕ್ಕೆ 2,500 ರೂಪಾಯಿ. ಮುಂದುವರಿದರೆ ಅದನ್ನು ನಮ್ಮ ಫೀಸಿನಲ್ಲಿ ಕಳೆಯುತ್ತೇವೆ. ಹಣ ನಿಮ್ಮ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿಂದ ಅಥವಾ ಹೊರಗಿನಿಂದ ಬ್ಯಾಂಕಿನ ಮೂಲಕವೇ ಬರಬೇಕು. "ಸದ್ಯಕ್ಕೆ ಅಪ್ಪ ಕೊಡ್ತಾರೆ, ಆಮೇಲೆ ನಾನು ಅವರಿಗೆ ಹಾಕ್ತೀನಿ" ಅನ್ನುವುದು ಬೇಡ. ಮುಂದೆ ಮನೆ ಮಾರಿ ಹಣ ಹೊರಗೆ ಒಯ್ಯುವಾಗ ಬ್ಯಾಂಕಿನವರು ಕೇಳುವ ಮೊದಲ ಪ್ರಶ್ನೆಯೇ ಕೊಂಡಾಗ ದುಡ್ಡು ಎಲ್ಲಿಂದ ಬಂತು ಅಂತ. ಜಿಪಿಎ (ನಿಮ್ಮ ಪರವಾಗಿ ಇನ್ನೊಬ್ಬರು ಸಹಿ ಹಾಕಲು ಕೊಡುವ ಅಧಿಕಾರಪತ್ರ) ಕಳಿಸುವವರು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಕಟ್ಟಬೇಕು, ಅದನ್ನು ನಾವು ಮಾಡಿಸುತ್ತೇವೆ.

ಈಗಾಗಲೇ ತೋಟ, ಜಮೀನಿಗೆಂದು ನಮ್ಮಲ್ಲಿ ಹೆಸರು ಕೊಟ್ಟು ಫೀಸು ಕಟ್ಟಿದವರಿಗೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಅದೇ ಬಜೆಟ್ಟಿನಲ್ಲಿ ಪರಿವರ್ತಿತ ಸೈಟು ನೋಡಬೇಕೆಂದಿದ್ದರೆ ಈ ತಿಂಗಳ ಕೊನೆಯೊಳಗೆ ತಿಳಿಸಿ. ಅಮೆರಿಕದ ಕಡೆಯವರಿಗೆ ಅನುಕೂಲವಾಗಲಿ ಅಂತ ಶನಿವಾರ ಸಂಜೆ 7ರಿಂದ 9ರವರೆಗೆ ವಿಡಿಯೋ ಕಾಲ್‌ಗೆ ಸಿಗುತ್ತೇವೆ. ಕಾಲ್ ಮಾಡುವಾಗ ಪಾಸ್‌ಪೋರ್ಟ್ ಪಕ್ಕದಲ್ಲೇ ಇಟ್ಟುಕೊಂಡಿರಿ.

ಇಂತಿ ನಿಮ್ಮ ವಿಶ್ವಾಸಿಗಳು,
ಒಂಟಿಕೊಪ್ಪಲು ಕಚೇರಿಯಿಂದ, ಮೈಸೂರು