ಮಗಳಿಗೊಂದು ಪತ್ರ: ಅಧ್ಯಕ್ಷರ ಹೆಸರಿಲ್ಲದ ವರ್ಷದ ಬ್ಯಾಲೆಟ್ (ಅಕ್ಟೋಬರ್ 2025)

ಪ್ರೀತಿಯ ಪುಟ್ಟಿ,

ಹಬ್ಬಕ್ಕೆ ಬಂದಾಗ ಬ್ಯಾಲೆಟ್ ಬಂದಿದೆ, ಇನ್ನೂ ಕವರ್ ಒಡೆದಿಲ್ಲ ಅಂದೆ. "ಈ ವರ್ಷ ಪ್ರೆಸಿಡೆಂಟ್ ಇಲ್ಲ, ಗವರ್ನರ್ ಇಲ್ಲ, ಅಂಥದ್ದೇನೂ ಇಲ್ವಲ್ಲಮ್ಮ" ಅಂತಲೂ ಅಂದೆ. ಮನೆ ತುಂಬ ಜನ ಇದ್ದರು, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಪೂರ್ತಿ ಓದು.

2020ರ ನವೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ನೂರು ಮತದಾರರಲ್ಲಿ 84 ಜನ ವೋಟು ಹಾಕಿದರು. 2023ರ ನವೆಂಬರಿನಲ್ಲಿ ಹಾಕಿದವರು ನೂರಕ್ಕೆ 36. ಬ್ಯಾಲೆಟ್ ಮನೆಗೇ ಬರುತ್ತದೆ. ಸ್ಟಾಂಪ್ ಕೂಡ ಅಂಟಿಸಬೇಕಿಲ್ಲ. ಆದರೂ ಇಷ್ಟು ವ್ಯತ್ಯಾಸ. ಮೂವರಲ್ಲಿ ಇಬ್ಬರು ಸುಮ್ಮನಿದ್ದರೆ ತೀರ್ಮಾನ ಮಾಡುವುದು ಉಳಿದ ಒಬ್ಬರು. ಆ ಒಬ್ಬರು ಹೆಚ್ಚಾಗಿ ಸ್ವಂತ ಮನೆ ಇರುವ, ನನ್ನ ಮತ್ತು ನಿನ್ನಪ್ಪನ ವಯಸ್ಸಿನವರು. ಬಾಡಿಗೆ ಮನೆಯಲ್ಲಿದ್ದು ಬಸ್ಸಿನಲ್ಲಿ ಕೆಲಸಕ್ಕೆ ಓಡಾಡುವ ನಿನ್ನಂಥವರ ಪಾಡನ್ನು ನಾವೇ ಕೂತು ತೀರ್ಮಾನಿಸುವುದು ಸರಿಯಲ್ಲ ಅಲ್ವಾ?

ನಿನ್ನ ಬ್ಯಾಲೆಟ್‌ನಲ್ಲಿ ಏನಿದೆ ನೋಡು. ಸಿಯಾಟಲ್‌ನ ಮೇಯರ್ ಇದ್ದಾರೆ. ಆಗಸ್ಟ್ ತಿಂಗಳ ಪ್ರೈಮರಿಯಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ಕೇಟಿ ವಿಲ್ಸನ್ ಈಗಿನ ಮೇಯರ್ ಬ್ರೂಸ್ ಹ್ಯಾರೆಲ್ ಅವರಿಗಿಂತ ಮುಂದೆ ಬಂದರು, ನವೆಂಬರಿನಲ್ಲಿ ಇಬ್ಬರದೇ ಸ್ಪರ್ಧೆ. ಕಿಂಗ್ ಕೌಂಟಿ ಎಕ್ಸಿಕ್ಯುಟಿವ್, ಅಂದರೆ ಸಿಯಾಟಲ್ ಸೇರಿದ ಕೌಂಟಿಯ ಮುಖ್ಯಸ್ಥರ ಹುದ್ದೆ ಇದೆ. 2009ರಿಂದ ಅಲ್ಲಿದ್ದ ಡೌ ಕಾನ್ಸ್ಟಂಟೈನ್ ಈ ವರ್ಷ ಬಿಟ್ಟು ಹೋದರು. ನೀನು ದಿನಾ ಹತ್ತುವ ಮೆಟ್ರೋ ಬಸ್ಸನ್ನು ನಡೆಸುವುದು ಕೌಂಟಿ. ರಾತ್ರಿ ಬಸ್ಸು ಎಷ್ಟು ಹೊತ್ತಿಗೊಮ್ಮೆ ಬರಬೇಕು ಅನ್ನುವುದನ್ನು ವೈಟ್ ಹೌಸಿನಲ್ಲಿ ಕೂತವರು ನೋಡುವುದಿಲ್ಲ, ಇವರು ನೋಡುತ್ತಾರೆ. ಜನ ಕಡಿಮೆ ವೋಟು ಹಾಕುತ್ತಾರೆ ಅನ್ನುವ ಕಾರಣಕ್ಕೇ 2022ರಲ್ಲಿ ನಾವು ಕೌಂಟಿ ಚುನಾವಣೆಗಳನ್ನು ಸಮ ವರ್ಷಗಳಿಗೆ ಬದಲಾಯಿಸಿದೆವು. ಅದಕ್ಕೆ ಈ ಸಲ ಗೆದ್ದವರಿಗೆ ಸಿಗುವುದು 3 ವರ್ಷ ಮಾತ್ರ.

ಸಿಟಿ ಕೌನ್ಸಿಲ್ ಅಂದರೆ ಕಸ, ಚರಂಡಿ ಅಷ್ಟೇ ಅಂದುಕೊಳ್ಳಬೇಡ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ಕೌನ್ಸಿಲ್ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಇದು. ಪುಣೆಯಲ್ಲಿ ಹುಟ್ಟಿದ ಕೌನ್ಸಿಲ್ ಸದಸ್ಯೆ ಕ್ಷಮಾ ಸಾವಂತ್ ಅದನ್ನು ಮಂಡಿಸಿದ್ದು. ಅವರು ಮೊದಲು ಗೆದ್ದದ್ದು 2013ರಲ್ಲಿ, ಇಂಥದೇ ಒಂದು ಬೆಸ ವರ್ಷದಲ್ಲಿ. 2021ರ ಡಿಸೆಂಬರಿನಲ್ಲಿ ಅವರನ್ನು ಕೆಳಗಿಳಿಸಲು ರೀಕಾಲ್ ಚುನಾವಣೆ ನಡೆಯಿತು. ಸುಮಾರು 300 ವೋಟಿನಲ್ಲಿ ಉಳಿದುಕೊಂಡರು. ಆ 300 ಜನ ಮನೆಯಲ್ಲಿ ಕೂತಿದ್ದರೆ ಆ ಕಾನೂನನ್ನು ಮಂಡಿಸಲು ಅವರು ಅಲ್ಲಿರುತ್ತಿರಲಿಲ್ಲ. ನಮ್ಮ ಜನರಲ್ಲಿ ಅದರ ಪರ ಇದ್ದವರೂ ಇದ್ದಾರೆ, ವಿರೋಧಿಸಿದವರೂ ಇದ್ದಾರೆ. ನಾನು ಪರ. ಆದರೆ ಎರಡೂ ಕಡೆಯವರು ಕೌನ್ಸಿಲ್ ಬಾಗಿಲಿಗೆ ಹೋದರು, ಮಾತಾಡಿದರು. ಹಾಗೆ ಹೋಗಿ ಕೇಳುವ ಬಾಗಿಲು ಇದೆಯಲ್ಲ, ಅದು ದೊಡ್ಡ ವಿಷಯ.

ಬೆಂಗಳೂರಿನಲ್ಲಿರುವ ನಿನ್ನ ಅತ್ತೆಗೆ ಆ ಬಾಗಿಲೇ ಇಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಅಲ್ಲಿಂದ ಇಲ್ಲಿಯವರೆಗೆ ಕಾರ್ಪೊರೇಟರ್ ಅನ್ನುವವರೇ ಇಲ್ಲ. ಈಗ ಗ್ರೇಟರ್ ಬೆಂಗಳೂರು ಅಂತ ಮಾಡಿ 5 ಪಾಲಿಕೆಗಳಾಗಿ ಒಡೆದಿದ್ದಾರೆ. ಚುನಾವಣೆ ಇನ್ನೂ ಆಗಿಲ್ಲ. ರಸ್ತೆ ಗುಂಡಿಗೂ ಅತ್ತೆ ಎಂಎಲ್‌ಎ ಆಫೀಸಿಗೆ ಫೋನು ಮಾಡಬೇಕು. ಅಷ್ಟು ದೊಡ್ಡ ಊರಿನವರು ಕೇಳಿದರೂ ಸಿಗದ ವೋಟು ನಿನ್ನ ಮೇಜಿನ ಮೇಲೆ ಕವರ್ ಒಡೆಯದೆ ಬಿದ್ದಿದೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ ಪುಟ್ಟಿ.

ಇನ್ನು ರಾಜ್ಯದ ಪ್ರಶ್ನೆಗಳು. ಜನರೇ ನೇರವಾಗಿ ಹೌದು, ಇಲ್ಲ ಅನ್ನುವಂಥವು. ಇದರ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ.

ನೀನು ಬೆಳೆದ ಈ ಮನೆಯನ್ನು ಕೊಂಡಾಗ ನಿನ್ನಪ್ಪ ಎಚ್-1ಬಿ ವೀಸಾದಲ್ಲಿದ್ದರು. ಬ್ಯಾಂಕಿನವರು ಪೇಸ್ಲಿಪ್ ನೋಡಿದರು, ಸಾಲ ಕೊಟ್ಟರು, ಮನೆ ನಮ್ಮ ಹೆಸರಿಗಾಯಿತು. ಹಿಂದೆ ಅದು ಆಗದ ಮಾತು. 1889ರಲ್ಲಿ ಬರೆದ ಈ ರಾಜ್ಯದ ಸಂವಿಧಾನದಲ್ಲೇ ಒಂದು ಕಲಂ ಇತ್ತು. ಅಮೆರಿಕದ ಪ್ರಜೆಯಾಗುತ್ತೇನೆ ಅಂತ ಬರೆದುಕೊಡದ ವಿದೇಶಿಯರು ಇಲ್ಲಿ ಜಮೀನು ಕೊಳ್ಳುವಂತಿಲ್ಲ. 1921ರಲ್ಲಿ ಕಾನೂನನ್ನು ಇನ್ನೂ ಬಿಗಿ ಮಾಡಿದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಭಾರತದವರು ಪ್ರಜೆಗಳಾಗಲು ಅರ್ಹರೇ ಅಲ್ಲ ಅಂದಿತು. ಪ್ರಜೆಯಾಗುವ ಹಾಗಿಲ್ಲ, ಆಗದಿದ್ದರೆ ಜಮೀನೂ ಇಲ್ಲ. 1946ರಲ್ಲಿ ಅಮೆರಿಕದ ಕಾಂಗ್ರೆಸ್ ನಮ್ಮವರಿಗೆ ಪೌರತ್ವದ ಹಕ್ಕು ಕೊಟ್ಟಿತು. ಆದರೆ ಜಮೀನಿನ ಕಲಂ ಹಾಗೇ ಉಳಿಯಿತು. ಅದನ್ನು ತೆಗೆಯಲು ಈ ರಾಜ್ಯದ ಜನರೇ ವೋಟು ಹಾಕಬೇಕಿತ್ತು. 1960ರಲ್ಲಿ ಕೇಳಿದರು. ಜನ ಬೇಡ ಅಂದರು. 1962ರಲ್ಲಿ ಮತ್ತೆ ಕೇಳಿದರು. ಮತ್ತೆ ಬೇಡ ಅಂದರು. 1966ರಲ್ಲಿ ಒಪ್ಪಿದರು. ಇದರ ಹಿಂದೆ ಬಿದ್ದು ದುಡಿದವರಲ್ಲಿ ಮುಖ್ಯರು ಇಲ್ಲಿನ ಜಪಾನೀ ಅಮೆರಿಕನ್ನರು. ಎರಡು ಸಲ ಸೋತರೂ ಬಿಡಲಿಲ್ಲ. ಅವರಿಗೆ ನಮ್ಮ ಹೆಸರು ಗೊತ್ತಿರಲಿಲ್ಲ. ಆದರೂ ನಿನ್ನಪ್ಪ ಸಹಿ ಹಾಕಲು ಸಾಧ್ಯವಾದದ್ದು ಅವರಿಂದ.

ನಿನ್ನ ಶಾಲೆಯದೂ ಹೀಗೇ. ಶಾಲೆಗಳು ತಮ್ಮ ಖರ್ಚಿಗೆ ಲೆವಿ ತೆರಿಗೆ ಎತ್ತಬೇಕಾದರೆ ಮೊದಲು ನೂರಕ್ಕೆ 60 ವೋಟು ಬೇಕಿತ್ತು. ನೂರಕ್ಕೆ 59 ಜನ ಹೂಂ ಅಂದರೂ ಬಿದ್ದುಹೋಗುತ್ತಿತ್ತು. 2007ರ ನವೆಂಬರಿನಲ್ಲಿ, ನೀನು ಚಿಕ್ಕ ಕ್ಲಾಸಿನಲ್ಲಿದ್ದಾಗ, ಅರ್ಧಕ್ಕಿಂತ ಜಾಸ್ತಿ ಸಿಕ್ಕರೆ ಸಾಕು ಅಂತ ಸಂವಿಧಾನ ತಿದ್ದಲು ಜನರನ್ನು ಕೇಳಿದರು. ಅದೂ ಬೆಸ ವರ್ಷವೇ. ಕೂದಲೆಳೆಯ ಅಂತರದಲ್ಲಿ ಪಾಸಾಯಿತು. ಆಗ ನಮ್ಮಿಬ್ಬರಿಗೂ ವೋಟಿರಲಿಲ್ಲ. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟು ಹೋದ ಎಷ್ಟೋ ಅಜ್ಜ ಅಜ್ಜಿಯರು ನಿನ್ನಂಥ ಮಕ್ಕಳಿಗಾಗಿ ಹಾಕಿದರು. ಈಗ ನಿನಗೆ ಮಕ್ಕಳಿಲ್ಲ, ಸ್ಕೂಲ್ ಬೋರ್ಡ್ ನನಗ್ಯಾಕೆ ಅಂತ ಅನಿಸಬಹುದು. ಕಳೆದ ವರ್ಷ ಸಿಯಾಟಲ್‌ನಲ್ಲಿ 21 ಶಾಲೆಗಳವರೆಗೂ ಮುಚ್ಚುವ ಪ್ರಸ್ತಾಪ ಬಂದಿತ್ತು. ತಂದೆ ತಾಯಂದಿರು ಎದ್ದು ನಿಂತ ಮೇಲೆ ಕೈಬಿಟ್ಟರು. ಮುಂದಿನ ಸಲ ಆ ಪ್ರಶ್ನೆ ಬಂದಾಗ ಕುರ್ಚಿಯಲ್ಲಿ ಯಾರಿರಬೇಕು ಅನ್ನುವುದು ನಿನ್ನ ಬ್ಯಾಲೆಟ್‌ನಲ್ಲಿದೆ.

ಈ ಸಲದ ರಾಜ್ಯದ ಪ್ರಶ್ನೆ ಒಂದೇ, ಎಸ್‌ಜೆಆರ್ 8201 ಅನ್ನುವ ಸಂವಿಧಾನ ತಿದ್ದುಪಡಿ. ನಿನ್ನ ಪೇಸ್ಲಿಪ್ ತೆಗೆದು ನೋಡು. 'ಡಬ್ಲ್ಯೂಎ ಕೇರ್ಸ್' ಅಂತ ಸಂಬಳದ 0.58 ಶೇಕಡಾ ಕಡಿತ ಇರುತ್ತದೆ. ಒಂದು ಲಕ್ಷ ಡಾಲರ್ ಸಂಬಳಕ್ಕೆ ವರ್ಷಕ್ಕೆ 580 ಡಾಲರ್. ವಯಸ್ಸಾಗಿ ಸ್ನಾನಕ್ಕೂ ಊಟಕ್ಕೂ ಇನ್ನೊಬ್ಬರ ಸಹಾಯ ಬೇಕಾದಾಗ 36,500 ಡಾಲರ್‌ವರೆಗೆ ಸಿಗುವ ನಿಧಿ ಅದು. ಈಗಿನ ಸಂವಿಧಾನದಂತೆ ಆ ದುಡ್ಡನ್ನು ಕಂಪನಿಗಳ ಷೇರಿನಲ್ಲಿ ಹಾಕುವ ಹಾಗಿಲ್ಲ. ಹಾಕಲು ಬಿಡಬಹುದೇ ಅಂತ ಕೇಳುತ್ತಿದ್ದಾರೆ. 2020ರಲ್ಲೂ ಕೇಳಿದ್ದರು, ಜನ ಬೇಡ ಅಂದಿದ್ದರು. ಷೇರುಪೇಟೆ ಬಿದ್ದರೆ ನಷ್ಟ ನಮ್ಮದೇ ಅನ್ನುವುದು ವಿರೋಧಿಗಳ ಮಾತು. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೆ ಸರ್ಕಾರಿ ನೌಕರರ ಪಿಂಚಣಿ ಹಣ ಆಗಲೇ ಷೇರಿನಲ್ಲಿದೆ. ನಿನ್ನ ವಯಸ್ಸಿನವರಿಗೆ ಈ ದುಡ್ಡು ಬೇಕಾಗುವುದು ಹತ್ತಾರು ವರ್ಷಗಳ ನಂತರ. ಅಷ್ಟು ದಿನ ಕಡಿಮೆ ಬಡ್ಡಿಯಲ್ಲಿ ಇಟ್ಟರೆ ಮುಂದೆ ಕಡಿತ ಜಾಸ್ತಿ ಮಾಡಬೇಕಾದೀತು. ಅದಕ್ಕೆ ನಾನು ಒಪ್ಪಿಗೆ ಅಂತ ಗುರುತು ಮಾಡಿದ್ದೇನೆ. ನೀನು ಓದಿ ನೋಡಿ ಬೇರೆ ಅಂದರೂ ನನಗೆ ಬೇಸರವಿಲ್ಲ.

ಓದುವುದು ಹೇಗೆ ಅಂದರೆ, ಅಂಚೆಯಲ್ಲಿ ಬೇರೆಯಾಗಿ ಬರುವ ಮತದಾರರ ಪುಸ್ತಕವನ್ನು ಎಸೆಯಬೇಡ. ಈಗಿನ ಕಾನೂನು ಏನು, ಪಾಸಾದರೆ ಏನಾಗುತ್ತದೆ ಅನ್ನುವ ಭಾಗವನ್ನು ಮೊದಲು ಓದು. ಪರ ವಿರೋಧದ ವಾದಗಳನ್ನು ಆಮೇಲೆ ನೋಡು, ಕೆಳಗೆ ಯಾರು ಸಹಿ ಹಾಕಿದ್ದಾರೆ ಅಂತಲೂ ನೋಡು. ಯಾರು ದುಡ್ಡು ಹಾಕಿದ್ದಾರೆ ಅನ್ನುವುದು ಪಬ್ಲಿಕ್ ಡಿಸ್ಕ್ಲೋಷರ್ ಕಮಿಷನ್ ಸೈಟಿನಲ್ಲಿ ಸಿಗುತ್ತದೆ. ಆ ಕಮಿಷನ್ ಕೂಡ 1972ರಲ್ಲಿ ಜನರ ವೋಟಿನಿಂದಲೇ ಬಂದದ್ದು. ಮುಂದೆ ಯಾವತ್ತಾದರೂ ರೆಫರೆಂಡಮ್ ಬಂದರೆ ಎರಡು ಸಲ ಓದು. ಅಲ್ಲಿ ಒಪ್ಪಿಗೆ ಅಂದರೆ ಶಾಸಕರು ಮಾಡಿದ ಕಾನೂನು ಉಳಿಯಲಿ ಅಂತ ಅರ್ಥ, ಅದನ್ನು ತಡೆಯಲು ಸಹಿ ಸಂಗ್ರಹಿಸಿದವರ ಪರ ಅಂತಲ್ಲ. ಅಫರ್ಮೇಟಿವ್ ಆಕ್ಷನ್ ಕಾನೂನಿನ ಮೇಲಿನ 2019ರ ರೆಫರೆಂಡಮ್ 88ರಲ್ಲಿ ನಮ್ಮ ಸ್ನೇಹಿತರಲ್ಲೇ ಕೆಲವರು ತಬ್ಬಿಬ್ಬಾಗಿದ್ದರು. ಅದು ಸೋತದ್ದು ನೂರಕ್ಕೆ ಒಂದೂಚಿಲ್ಲರೆ ಅಂತರದಲ್ಲಿ.

ನಿನ್ನ ಚಿಕ್ಕಪ್ಪನಿಗೂ ಒಂದು ವಿಷಯ ಹೇಳು. ಅವನು ಗ್ರೀನ್ ಕಾರ್ಡಿನಲ್ಲಿದ್ದಾನೆ, ವೋಟಿಲ್ಲ. ಆದರೆ ಸಿಯಾಟಲ್ ನಿವಾಸಿಯಾದ್ದರಿಂದ ಡೆಮಾಕ್ರಸಿ ವೌಚರ್ ಸಿಗುತ್ತದೆ. 25 ಡಾಲರಿನ 4 ಚೀಟಿ, ತನಗೆ ಸರಿ ಅನಿಸಿದ ಅಭ್ಯರ್ಥಿಗೆ ಕೊಡಬಹುದು. 2015ರಲ್ಲಿ ಊರಿನವರು ವೋಟು ಹಾಕಿ ತಂದ ಪದ್ಧತಿ ಅದು. ಈ ಆಗಸ್ಟಿನಲ್ಲಿ ಮತ್ತೆ ಮುಂದುವರಿಸಿದರು. ನಿನ್ನ ಆಫೀಸಿನಲ್ಲಿ ಎಚ್-1ಬಿಯಲ್ಲಿರುವ ಗೆಳತಿಗೆ ಅದೂ ಇಲ್ಲ. ಸೇಲ್ಸ್ ಟ್ಯಾಕ್ಸ್ ಮಾತ್ರ ನಿನ್ನಷ್ಟೇ ಕೊಡುತ್ತಾಳೆ. ಗುರುತು ಹಾಕುವ ಮುಂಚೆ ಅವಳಿಗೆ ಬಸ್ಸಿನ ಬಗ್ಗೆ, ಬಾಡಿಗೆ ಬಗ್ಗೆ ಏನನಿಸುತ್ತದೆ ಅಂತ ಒಂದು ಮಾತು ಕೇಳು.

ಕೊನೆಗೆ ಸಹಿಯ ವಿಷಯ. ಕವರ್ ಮೇಲಿನ ಸಹಿ ನಿನ್ನ ಮತದಾರರ ನೋಂದಣಿಯಲ್ಲಿರುವ ಸಹಿಗೆ ಹೊಂದಬೇಕು. ಚಿಕ್ಕ ವಯಸ್ಸಿನವರ ಬ್ಯಾಲೆಟ್‌ಗಳೇ ಇದಕ್ಕೆ ಜಾಸ್ತಿ ತಿರಸ್ಕಾರವಾಗುತ್ತವೆ. ನೀನು ಅವಸರದಲ್ಲಿ ಗೀಚುತ್ತೀಯ, ನನಗೆ ಗೊತ್ತು. ನಿಧಾನವಾಗಿ ಹಾಕು. ಕೌಂಟಿಯಿಂದ ಸಹಿ ಬಗ್ಗೆ ಫೋನು, ಪತ್ರ ಬಂದರೆ ತಕ್ಷಣ ಸರಿಮಾಡು. ನವೆಂಬರ್ 4ರ ರಾತ್ರಿ 8 ಗಂಟೆಗೆ ಡ್ರಾಪ್ ಬಾಕ್ಸ್ ಮುಚ್ಚುತ್ತಾರೆ. ಅಂಚೆಗೆ ಹಾಕಿದರೆ ಅವತ್ತಿನೊಳಗೆ ಮುದ್ರೆ ಬಿದ್ದಿರಬೇಕು, ಅದನ್ನು ನಂಬಿ ಕೂರಬೇಡ, ಡ್ರಾಪ್ ಬಾಕ್ಸಿಗೇ ಹಾಕು. ಸ್ಕೂಲ್ ಬೋರ್ಡ್ ಅಭ್ಯರ್ಥಿಗಳ ಬಗ್ಗೆ ನಾನು ಓದಿದ್ದನ್ನು ಶನಿವಾರ ಫೋನಿನಲ್ಲಿ ಹೇಳುತ್ತೇನೆ. ಅಷ್ಟರಲ್ಲಿ ನೀನೂ ಆ ಪುಟಗಳನ್ನು ಓದಿಟ್ಟುಕೊಂಡಿರು.

ನಿನ್ನ,
ಅಮ್ಮ