ಗೆದ್ದ ಮೇಲೆ ಜಗಳ, ನೀರಿಗೆ ಬೀಗ

ಮಾನ್ಯರೇ,

ಹೊಸ ಟ್ಯಾಂಕಿನ ಉದ್ಘಾಟನೆಯಲ್ಲಿ ‘ಮಾತಿನ ಚಕಮಕಿ’ ನಡೆಯಿತೆಂದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಚಕಮಕಿಯಲ್ಲ ಸ್ವಾಮಿ, ಕೊರಳಪಟ್ಟಿ ಹಿಡಿದ ಜಗಳ. ಕಲ್ಲಿನ ಫಲಕದಲ್ಲಿ ಯಾವ ಓಣಿಯ ಸಮಿತಿಯ ಹೆಸರು ಮೇಲಿರಬೇಕೆಂದು ಎರಡೂ ಕಡೆಯವರು ಹರಿಹಾಯ್ದರು. ಅಧಿಕಾರಿ ಸಾಹೇಬರು ‘ಮೊದಲು ನೀವು ಒಂದಾಗಿ ಬರ್ರಿ’ ಎಂದು ವಾಲ್ವಿನ ಕೋಣೆಗೆ ಬೀಗ ಹಾಕಿಸಿ ಜೀಪು ಹತ್ತಿದರು. ಈ ಬೀಗದ ಸುದ್ದಿ ವರದಿಯಲ್ಲಿ ಇಲ್ಲ.

ಅದರ ಫಲ ಉಣ್ಣುತ್ತಿರುವವರು ನಾವು. ಮನೆಯಲ್ಲಿ ಸೊಸೆಯ ಕುಬಸ. ಊರಿಂದ ಬಂದ ನೆಂಟರಿಗೆ ಕೈಕಾಲು ತೊಳೆಯಲು ಬಚ್ಚಲಲ್ಲಿ ತಂಬಿಗೆ ನೀರಿಲ್ಲ. ಟ್ಯಾಂಕರಿನವನು ದುಪ್ಪಟ್ಟು ದರ ಕೇಳಿದ, ಕೊಟ್ಟೆವು. ಬಂದ ನೀರಿನ ತಳದಲ್ಲಿ ನಾಲ್ಕು ಬೆರಳು ರಾಡಿ. ಮೊಣಕಾಲು ನೋವಿರುವ ನನ್ನ ಹೆಂಡತಿ ಪಕ್ಕದ ಓಣಿಯ ಬೋರ್‌ವೆಲ್‌ನಿಂದ ಕೊಡ ಹೊತ್ತಳು. ಹೋದ ಬೇಸಿಗೆಯಲ್ಲಿ ಈ ಟ್ಯಾಂಕಿಗಾಗಿ ಇದೇ ಎರಡು ಸಮಿತಿಗಳು ಖಾಲಿ ಕೊಡ ಮುಂದಿಟ್ಟುಕೊಂಡು ಒಂದೇ ಪೆಂಡಾಲಿನಲ್ಲಿ ಕುಳಿತಿದ್ದವು. ಒಬ್ಬರ ಬುತ್ತಿಯ ರೊಟ್ಟಿಯನ್ನು ಇನ್ನೊಬ್ಬರು ಉಂಡಿದ್ದರು.

ವಿಜಯಪುರದವರಿಗೆ ಇಂಥ ಕಥೆ ಹೊಸದೇ? 1565ರಲ್ಲಿ ವಿಜಯನಗರವನ್ನು ಆಳುತ್ತಿದ್ದ ರಾಮರಾಯನ ವಿರುದ್ಧ ನಮ್ಮ ವಿಜಾಪುರದ (ಈಗಿನ ವಿಜಯಪುರದ) ಸುಲ್ತಾನ ಅಲಿ ಆದಿಲ್‌ಶಾಹ, ಅಹ್ಮದನಗರದ ಹುಸೇನ ನಿಜಾಮ್‌ಶಾಹ, ಗೋಲ್ಕೊಂಡ, ಬೀದರದವರು ಕೂಡಿ ತಾಳಿಕೋಟೆ ಯುದ್ಧ ಗೆದ್ದರು. ಅದಕ್ಕೂ ಮೊದಲು ಇದೇ ಅಲಿ ರಾಮರಾಯನನ್ನು ಕರೆದುಕೊಂಡು ಅಹ್ಮದನಗರದ ಮೇಲೆ ಏರಿಹೋಗಿದ್ದವನು. ಮೈತ್ರಿ ಗಟ್ಟಿಯಾಗಲೆಂದು ಹುಸೇನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟು, ಸೋಲಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟುಕೊಟ್ಟ. ರಾಮರಾಯನ ಭಯ ಇರುವವರೆಗೆ ಎಲ್ಲ ನೆಟ್ಟಗಿತ್ತು. ಹುಸೇನ ಅದೇ ವರ್ಷ ತೀರಿಕೊಂಡ. ರಾಯಚೂರು, ಮುದಗಲ್ಲು ವಿಜಾಪುರದ ಪಾಲಿಗೆ ಬಂದವು. ಒಬ್ಬನ ಕೈ ಮೇಲಾಯಿತೆಂದರೆ ಮತ್ತೊಬ್ಬನಿಗೆ ನಿದ್ದೆಯಿಲ್ಲ. ವಿಜಾಪುರ ದಕ್ಷಿಣಕ್ಕೆ ಬೆಳೆದರೆ ಅಹ್ಮದನಗರ 1574ರಲ್ಲಿ ಪಕ್ಕದ ಬೇರಾರ್ ಸುಲ್ತಾನರ ರಾಜ್ಯವನ್ನು ನುಂಗಿತು. ಒಂದೇ ಕಡೆ ನಿಂತು ಕಾದಾಡಿದ್ದ ಬೀದರವನ್ನು 1619ರಲ್ಲಿ ವಿಜಾಪುರವೇ ಕಬಳಿಸಿತು. 1636ರಲ್ಲಿ ಅಹ್ಮದನಗರದ ನೆಲವನ್ನು ಷಾಹಜಹಾನನ ಜೊತೆ ಹಂಚಿಕೊಂಡಿತು. ಐವತ್ತು ವರ್ಷಕ್ಕೆ, 1686ರಲ್ಲಿ, ಔರಂಗಜೇಬ ಬಂದು ವಿಜಾಪುರವನ್ನೇ ತೆಗೆದುಕೊಂಡ. ಬೀಗರು ಬೀಗರು ಹೊಡೆದಾಡಿದರು, ಗಂಟು ಮೂರನೆಯವನಿಗೆ ಹೋಯಿತು.

ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ಹತ್ತಿರದಿಂದ ನೋಡಿದ್ದೀರಾ? ಬಾಯಿಯ ಬಳಿ ಸಿಂಹದ ದವಡೆಯಲ್ಲಿ ಆನೆ ನಲುಗುತ್ತಿದೆ. ಅದು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, 1632ರಲ್ಲಿ ಪರಂಡಾ ಕೋಟೆಯಿಂದ ಇಲ್ಲಿಗೆ ಎಳೆತಂದದ್ದು. ಒಂದು ಕಾಲದ ಗೆಳೆಯನ ತೋಪು ನಮ್ಮ ಕೋಟೆಯ ಮೇಲೆ ಕುಳಿತಿದೆ. ಸಮಿತಿಯ ಮುಖಂಡರು ಒಮ್ಮೆ ಹತ್ತಿ ನೋಡಿ ಬರಲಿ.

ದೂರದ ದೇಶದಲ್ಲೂ ಇದೇ ಆಯಿತು. ಹಿಟ್ಲರನ ವಿರುದ್ಧ ಒಂದಾಗಿ ಕಾದಾಡಿ 1945ರ ಏಪ್ರಿಲ್‌ನಲ್ಲಿ ಜರ್ಮನಿಯ ಎಲ್ಬೆ ನದಿಯ ದಂಡೆಯಲ್ಲಿ ಕೈಕುಲುಕಿದ ಅಮೆರಿಕದ ಮತ್ತು ಸೋವಿಯತ್ ಪಡೆಗಳ ಸರ್ಕಾರಗಳು 1948ರ ಹೊತ್ತಿಗೆ ಎದುರುಬದುರಾಗಿದ್ದವು. ಸೋವಿಯತ್ತರು ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು ತಡೆದರು. ಊರಿನವರ ಹಿಟ್ಟು, ಕಲ್ಲಿದ್ದಲು ವಿಮಾನದಲ್ಲಿ ಬರಬೇಕಾಯಿತು. ಜಗಳ ದೊಡ್ಡವರದು, ಉಪವಾಸದ ಭಯ ಮನೆಮನೆಯದು.

ಇನ್ನು ಸಾಹೇಬರ ವಿಷಯ. ಹೋರಾಟ ನಡೆದಾಗ ಕಚೇರಿಯಲ್ಲಿ ಕೈಗೆ ಸಿಗದವರು ಬೀಗ ಹಾಕಿಸಲು ಎಷ್ಟು ಬೇಗ ಬಂದರು! ಪೈಪಿಗೆಂದು ಅಗೆದ ರಸ್ತೆಯನ್ನು ಇಂದಿಗೂ ಮುಚ್ಚಿಲ್ಲ. ಮಳೆ ಬಂದರೆ ಶಾಲೆಯ ಮಕ್ಕಳು ರಾಡಿಯಲ್ಲಿ ಬೀಳುತ್ತಾರೆ. ಬೀದಿದೀಪದ ಅರ್ಜಿ ಯಾವ ಕಪಾಟಿನಲ್ಲಿದೆಯೋ. ನಮ್ಮಲ್ಲಿ ಒಗ್ಗಟ್ಟಿಲ್ಲವೆಂಬುದು ಇವರಿಗೆ ಸಿಕ್ಕ ಹೊಸ ನೆವ.

ಆದ್ದರಿಂದ ಫಲಕದಲ್ಲಿ ಎರಡೂ ಹೆಸರು ಬರೆಸಿ, ಇಲ್ಲವೇ ಒಂದೂ ಬೇಡ, ಕಲ್ಲನ್ನೇ ಕಿತ್ತುಹಾಕಿ. ಬೀಗ ಇವತ್ತೇ ತೆಗೆಯಬೇಕು. ಬೀಗ ಹಾಕಿಸಿದವರ ಮೇಲೂ, ಹಾಕುವಂತೆ ಮಾಡಿದವರ ಮೇಲೂ ಕ್ರಮ ಆಗಬೇಕು. ಸಮಿತಿಯವರೇ, ನಿಮ್ಮ ಮನೆಯ ಹೆಣ್ಣುಮಕ್ಕಳೂ ಕೊಡ ಹೊರುತ್ತಿದ್ದಾರೆ, ನಾಚಿಕೆಯಾಗಲಿ.

— ನೊಂದ ಹಿರಿಯ ನಾಗರಿಕ, ಶಹಾಪುರ ಅಗಸಿ, ವಿಜಯಪುರ